ಪಾಲಕ್‌ನಲ್ಲಿ ಫೋಲೇಟ್ ಕಾಣಿಸುತ್ತಲೇ ಇಲ್ಲ, ಯಾಕೆ?

ಪ್ರಶ್ನೆ:
ಫೋಲಿಕ್ ಆಸಿಡ್ (ಫೋಲೇಟ್, ಅಂದರೆ ವಿಟಮಿನ್ ಬಿ9, ಅದರ ಕೃತಕ ರೂಪ) ಬೆರೆಸಿದ ಹಿಟ್ಟನ್ನು ಎಚ್‌ಪಿಎಲ್‌ಸಿಯಲ್ಲಿ (ದ್ರಾವಣದಲ್ಲಿರುವ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಅಳೆದರೆ ಲೇಬಲ್‌ಗೆ ಹತ್ತಿರದ ಸಂಖ್ಯೆ ಬರುತ್ತದೆ. ಅದೇ ವಿಧಾನದಲ್ಲಿ ಪಾಲಕ್ ಹಾಕಿದರೆ ಹೆಚ್ಚುಕಡಿಮೆ ಸೊನ್ನೆ. ಯುವಿ (ನೇರಳಾತೀತ ಬೆಳಕಿನ) ಡಿಟೆಕ್ಟರ್, ತರಂಗಾಂತರ 280 ನ್ಯಾನೋಮೀಟರ್. ಸೊಪ್ಪಿನಲ್ಲಿ ಫೋಲೇಟ್ ಜಾಸ್ತಿ ಅಲ್ವಾ?

ಉತ್ತರ 1:
ಎರಡೂ ಒಂದೇ ವಸ್ತು ಅಲ್ಲ. ಹಿಟ್ಟಿನಲ್ಲಿರುವುದು ಬಿಡಿ ಫೋಲಿಕ್ ಆಸಿಡ್. ಸೊಪ್ಪಿನಲ್ಲಿ ಹೆಚ್ಚಾಗಿ ಫೋಲೇಟ್‌ನ 5-ಮೀಥೈಲ್ ರೂಪ, ಅದಕ್ಕೆ ಗ್ಲುಟಮೇಟ್ ಎಂಬ ಅಮೈನೋ ಆಮ್ಲದ ತುಣುಕುಗಳ ಉದ್ದ ಬಾಲ ಬೇರೆ. ಆ ಬಾಲವನ್ನು ಕಾಂಜುಗೇಸ್ ಎಂಜೈಮ್‌ನಿಂದ ಕತ್ತರಿಸಬೇಕು, ಕತ್ತರಿಸಿದ ಮೇಲೂ 5-ಮೀಥೈಲ್‌ಗೆ ಬೇರೆ ಸ್ಟ್ಯಾಂಡರ್ಡ್ (ಹೋಲಿಸಿ ಅಳೆಯಲು ಪ್ರಮಾಣ ಗೊತ್ತಿರುವ ಶುದ್ಧ ಮಾದರಿ) ಬೇಕು, ಯುವಿ ಬದಲು ಫ್ಲೋರೆಸೆನ್ಸ್ (ವಸ್ತು ಹೊರಸೂಸುವ ಬೆಳಕನ್ನು ಅಳೆಯುವ) ಡಿಟೆಕ್ಟರ್ ಇದ್ದರೆ ಇನ್ನೂ ಒಳ್ಳೆಯದು.

ಉತ್ತರ 2:
ಅರೆಯುವ ಬಫರ್‌ಗೆ ಆಸ್ಕಾರ್ಬಿಕ್ ಆಸಿಡ್ ಹಾಕಿ, ಬೆಳಕು ತಾಗಿಸಬೇಡಿ. ಇಲ್ಲದಿದ್ದರೆ ಎಂಜೈಮ್ ಹಾಕುವ ಮೊದಲೇ ಫೋಲೇಟ್ ಹಾಳಾಗುತ್ತದೆ, ಆಮೇಲೆ ಸುಮ್ನೆ ಮೆಷಿನ್ ಬೈಯುವುದು.

ಪ್ರಶ್ನೆ ಕೇಳಿದವರು:
ಕಾಂಜುಗೇಸ್ ಯಾವುದು ತಗೊಳ್ಳಲಿ? ಕೋಳಿಯ ಮೇದೋಜೀರಕದ್ದು ಸಿಗುತ್ತದೆ.

ಉತ್ತರ 1:
ಎಚ್‌ಪಿಎಲ್‌ಸಿಗೆ ಅದು ಬೇಡ. ಅದು ಎರಡು ಗ್ಲುಟಮೇಟ್ ಉಳಿಸಿ ನಿಲ್ಲುತ್ತದೆ, ಬ್ಯಾಕ್ಟೀರಿಯಾ ಬೆಳೆಸಿ ಅಳೆಯುವ ವಿಧಾನಕ್ಕೆ ಅಷ್ಟು ಸಾಕು. ನಿಮಗೆ ಒಂದೇ ಗ್ಲುಟಮೇಟ್ ಉಳಿಸುವ ಇಲಿ ಸೀರಮ್ (ರಕ್ತದ ತಿಳಿ ದ್ರವ) ಅಥವಾ ಹಂದಿ ಮೂತ್ರಪಿಂಡದ ಎಂಜೈಮ್ ಸರಿ. ಎಂಜೈಮ್‌ನಲ್ಲೇ ಸ್ವಲ್ಪ ಫೋಲೇಟ್ ಇರುತ್ತದೆ, ಹಾಗಾಗಿ ಸೊಪ್ಪಿಲ್ಲದ ಬ್ಲ್ಯಾಂಕ್ ಓಡಿಸಿ ಕಳೆಯಿರಿ.