ರೈಲಿನಲ್ಲಿ ಸುದ್ದಿ-ದಿನಚರಿ ಬರೆಯೋದು ಹೇಗೆ?

ಕುರ್ಲಾ ಕನ್ನಡಿಗ: ಮತ್ಸ್ಯಗಂಧಾ ರೈಲಿನಲ್ಲಿ ಊರಿಗೆ ಹೊರಟಿದ್ದೇನೆ. ದಿನದ ಸುದ್ದಿ ಓದಿ ಅನಿಸಿದ್ದನ್ನು ಅಂದೇ ಬರೆದಿಡಬೇಕು. ಕೊಂಕಣದಲ್ಲಿ ನೆಟ್‌ವರ್ಕ್ ಕೈಕೊಡುತ್ತೆ, ಮಳೆ ಬೇರೆ.

ಪನ್ವೇಲ್ ಭಟ್: ಸುದ್ದಿಯ ಪೂರ್ತಿ ಪಠ್ಯವನ್ನೇ ಮೊದಲು ಉಳಿಸಿಕೊಳ್ಳಿ ಸರ್. ಬರೀ ಲಿಂಕ್ ಇಟ್ಟರೆ ಸುರಂಗದಲ್ಲಿ ತೆರೆಯಲ್ಲ. ಕರ್ಬುಡೆ ಸುರಂಗ ಒಂದೇ 6.5 ಕಿ.ಮೀ.

ಪುಣೆ ಅಕ್ಕ: ಎಡಪುಟದಲ್ಲಿ ಪತ್ರಿಕೆ, ಆವೃತ್ತಿ, ತಾರೀಖು, ಓದಿದ ಗಂಟೆ, ಮೂರೇ ಸಾಲು ಸುದ್ದಿ. ಬಲಪುಟ ನಿಮ್ಮದು. ಬೆರೆಸಿದರೆ ಆಮೇಲೆ ಯಾವುದು ವರದಿ, ಯಾವುದು ನಿಮ್ಮ ಸಿಟ್ಟು ಗೊತ್ತಾಗಲ್ಲ. ಮರುದಿನ ಸುದ್ದಿ ಬದಲಾದರೆ ಹಳೆಯದನ್ನು ಅಳಿಸಬೇಡಿ, ಅಂಚಿನಲ್ಲಿ ಹೊಸ ತಾರೀಖು ಹಾಕಿ ಸೇರಿಸಿ.

ಮಡಗಾಂವ್ ಮಾಮ: ಜೆಲ್ ಪೆನ್ ಬೇಡ, ತೇವಕ್ಕೆ ಹರಡುತ್ತೆ. ಬಾಲ್‌ಪೆನ್ ಸಾಕು. ಪತ್ರಿಕೆ ತುಣುಕಿಗೆ ಗ್ಲೂ ಸ್ಟಿಕ್. ನೀರುಗೋಂದಿಗೆ ಕಾಗದ ಸುಕ್ಕಾಗುತ್ತೆ.