ಸೆನ್ಸಿಟಿವಿಟಿಗೆ ‘ನಿಖರತೆ’ ಎನ್ನಬಹುದೇ?

ಮಂಗಳೂರಿನಲ್ಲಿ ಮಳೆಗಾಲ ಹಿಡಿಯಿತೆಂದರೆ ಮಲೇರಿಯಾ ಕಾರ್ಡ್ ಟೆಸ್ಟಿನ (ಒಂದು ಹನಿ ರಕ್ತ ಹಾಕಿದರೆ ಗೆರೆ ಮೂಡಿಸಿ ರೋಗ ತೋರಿಸುವ ಪುಟ್ಟ ಪಟ್ಟಿಯ) ಮಾತು ಬಂದೇ ಬರುತ್ತದೆ. ‘ಈ ಟೆಸ್ಟ್ ಶೇ. 95 ನಿಖರ’ ಎಂದು ಬರೆದರೆ ಓದುವವರು ಏನೆಂದು ತಿಳಿಯುತ್ತಾರೆ? ಪಾಸಿಟಿವ್ ಬಂದ ನೂರು ಮಂದಿಯಲ್ಲಿ 95 ಮಂದಿಗೆ ಮಲೇರಿಯಾ ಇದೆ ಎಂದು. ಬರೆದವರು ಹೇಳಹೊರಟದ್ದು ಹೆಚ್ಚಾಗಿ ಅದಲ್ಲ, ಸೆನ್ಸಿಟಿವಿಟಿ: ರೋಗವಿರುವ ನೂರು ಮಂದಿಯಲ್ಲಿ 95 ಮಂದಿಯನ್ನು ಟೆಸ್ಟ್ ಪತ್ತೆಹಚ್ಚುತ್ತದೆ ಎಂದು.

ಲೆಕ್ಕ ಹಾಕಿ ನೋಡೋಣ. 1,000 ಮಂದಿಯಲ್ಲಿ 20 ಮಂದಿಗೆ ರೋಗವಿದೆ. ಟೆಸ್ಟಿನ ಸೆನ್ಸಿಟಿವಿಟಿ ಶೇ. 90, ಸ್ಪೆಸಿಫಿಸಿಟಿ (ರೋಗವಿಲ್ಲದವರಲ್ಲಿ ಸರಿಯಾಗಿ ನೆಗೆಟಿವ್ ಬರುವವರ ಪ್ರಮಾಣ) ಶೇ. 95 ಎಂದಿಟ್ಟುಕೊಳ್ಳಿ. ರೋಗವಿದ್ದವರಲ್ಲಿ 18 ಮಂದಿ ಸಿಕ್ಕರು, ಇಬ್ಬರು ತಪ್ಪಿಹೋದರು. ರೋಗವಿಲ್ಲದ 980 ಮಂದಿಯಲ್ಲಿ 931 ಮಂದಿಗೆ ನೆಗೆಟಿವ್, ಉಳಿದ 49 ಮಂದಿಗೆ ಹುಸಿ ಪಾಸಿಟಿವ್. ಒಟ್ಟು 67 ಪಾಸಿಟಿವ್, ಅದರಲ್ಲಿ ನಿಜವಾದದ್ದು 18. ಶೇ. 27 ಮಾತ್ರ! ಅದೇ ಕಾರ್ಡನ್ನು ಜ್ವರವೆಂದು ಆಸ್ಪತ್ರೆಗೆ ಬಂದವರಲ್ಲಿ, ಸಾವಿರಕ್ಕೆ 400 ಮಂದಿಗೆ ರೋಗವಿರುವ ಕಡೆ ಬಳಸಿದರೆ 390 ಪಾಸಿಟಿವ್‌ನಲ್ಲಿ 360 ನಿಜ, ಅಂದರೆ ಶೇ. 92. ಕಾರ್ಡ್ ಅದೇ, ಜನ ಬೇರೆ.

ಇನ್ನು ‘ಒಟ್ಟು ನಿಖರತೆ’, ಅಂದರೆ ಎಲ್ಲ ಫಲಿತಾಂಶಗಳಲ್ಲಿ ಸರಿಯಾದವು ಎಷ್ಟು ಎಂಬುದು. ಮೊದಲ ಗುಂಪಿನಲ್ಲಿ ಅದು ಶೇ. 94.9. ಟೆಸ್ಟನ್ನೇ ಮಾಡದೆ ಸಾವಿರ ಮಂದಿಗೂ ‘ನೆಗೆಟಿವ್’ ಎಂದು ಬರೆದುಕೊಟ್ಟರೆ ಶೇ. 98 ಬರುತ್ತದೆ, ಒಬ್ಬ ರೋಗಿಯೂ ಸಿಕ್ಕಿರುವುದಿಲ್ಲ. ಹಾಗಾಗಿ ರೋಗಪತ್ತೆಯ ಬರಹದಲ್ಲಿ ಈ ಪದವನ್ನು ಒಂಟಿಯಾಗಿ ಬಳಸಲೇಬಾರದು ಎಂಬುದು ನನ್ನ ಅಭಿಪ್ರಾಯ.

ಸೆನ್ಸಿಟಿವಿಟಿಗೆ ‘ಸೂಕ್ಷ್ಮತೆ’ ಎನ್ನುವ ರೂಢಿಯಿದೆ. ಆದರೆ ಪ್ರಯೋಗಾಲಯದವರಿಗೆ ಆ ಪದ ಬೇರೆ ಕಡೆ ಬೇಕು. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಎಷ್ಟು ಪರಾವಲಂಬಿಗಳಿದ್ದರೆ ಕಾರ್ಡಿನಲ್ಲಿ ಗೆರೆ ಮೂಡುತ್ತದೆ (ಸಾಮಾನ್ಯವಾಗಿ 100ರಿಂದ 200) ಎಂಬುದಕ್ಕೆ ‘ಸೂಕ್ಷ್ಮತೆ’ ಸರಿಯಾಗಿ ಒಪ್ಪುತ್ತದೆ. ನೂರು ರೋಗಿಗಳಲ್ಲಿ ಎಷ್ಟು ಮಂದಿ ಸಿಕ್ಕರು ಎಂಬುದಕ್ಕೆ ‘ಪತ್ತೆ ಪ್ರಮಾಣ’ ಎನ್ನೋಣ. ಪಾಸಿಟಿವ್‌ಗೆ ‘ಧನಾತ್ಮಕ’ ಬೇಡ. ರೋಗ ಬಂದದ್ದೇ ಒಳ್ಳೆಯದು ಎಂಬಂತೆ ಕೇಳುತ್ತದೆ.

ಹೊಸ ಟೆಸ್ಟನ್ನು ಹೋಲಿಸಿ ನೋಡಲು ಬಳಸುವ, ನಂಬಿಕೆಯ ಟೆಸ್ಟನ್ನು ‘ಗೋಲ್ಡ್ ಸ್ಟ್ಯಾಂಡರ್ಡ್’ ಎನ್ನುತ್ತಾರೆ. ಅದಕ್ಕೆ ‘ಚಿನ್ನದ ಮಾನದಂಡ’ ಎಂದು ಕಂಡಿದ್ದೇನೆ. ಚಿನ್ನವನ್ನು ಪರೀಕ್ಷಿಸುವ ಕಲ್ಲಿಗೆ ನಮ್ಮಲ್ಲಿ ‘ಒರೆಗಲ್ಲು’ ಎಂಬ ಪದವೇ ಇರುವಾಗ ಅದೇಕೆ? ಹೊಸ ಟೆಸ್ಟನ್ನು ಯಾವುದಕ್ಕೆ ಒರೆ ಹಚ್ಚಿದರು ಎಂದು ಹೇಳದೆ ಪತ್ತೆ ಪ್ರಮಾಣಕ್ಕೆ ಅರ್ಥವಿಲ್ಲ. ಫಾಲ್ಸಿಪೇರಂ ಎಂಬ ಬಗೆಯ ಮಲೇರಿಯಾ ವಾಸಿಯಾದ ಮೇಲೂ, ಅದರ ಪರಾವಲಂಬಿ ಬಿಡುವ, ಕಾರ್ಡು ಹುಡುಕುವ ಎಚ್‌ಆರ್‌ಪಿ2 ಪ್ರೋಟೀನು ವಾರಗಟ್ಟಲೆ ರಕ್ತದಲ್ಲಿ ಉಳಿಯುತ್ತದೆ. ಆಗ ಕಾರ್ಡು ಪಾಸಿಟಿವ್, ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವ ರಕ್ತಲೇಪ ನೆಗೆಟಿವ್. ಒರೆಗಲ್ಲು ರಕ್ತಲೇಪವಾದರೆ ಕಾರ್ಡಿನ ಲೆಕ್ಕದಲ್ಲಿ ಇದೂ ಹುಸಿ ಪಾಸಿಟಿವ್.

ಉಳಿದದ್ದು ಸ್ಪೆಸಿಫಿಸಿಟಿ. ‘ನಿರ್ದಿಷ್ಟತೆ’ ಎಂದರೆ ಏನೂ ಹೊಳೆಯುವುದಿಲ್ಲ. ‘ಬಿಡುವ ಪ್ರಮಾಣ’ ಎಂದರೆ ರೋಗಿಗಳನ್ನೇ ಬಿಟ್ಟರು ಎಂಬ ಅಪಾರ್ಥ ಬರುತ್ತದೆ. ರೋಗವಿಲ್ಲದವರನ್ನು ‘ರೋಗವಿಲ್ಲ’ ಎಂದೇ ಗುರುತಿಸುವ ಪ್ರಮಾಣಕ್ಕೆ ಒಂದೆರಡು ಮಾತಿನ ಹೆಸರು ಯಾರಿಗಾದರೂ ಹೊಳೆಯುತ್ತದೆಯೇ?