ದೀಕ್ಷಾಸ್ನಾನ ಆಗಿ ಎಂಟು ತಿಂಗಳು, ಗಲ್ಲಾದಲ್ಲಿ ಕೂತವನು ಮಾತ್ರ ಅದೇ ಹಳಬ

ದಾದರ್ ಗಲ್ಲಾ:

ಎಲ್ಲರಿಗೂ ವಂದನೆ. ಸ್ವಲ್ಪ ಉದ್ದ ಇದೆ. ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ಗಿರಾಕಿ ಕಡಿಮೆ, ಆಗ ಕೂತು ಬರೆಯುತ್ತಿದ್ದೇನೆ.

ನಾನು ಕುಂದಾಪುರದ ಕಡೆಯವನು. ದಾದರ್‌ನಲ್ಲಿ ಒಂದು ಉಡುಪಿ ಹೋಟೆಲ್. ಕಪ್ಪು ಬಸಿ ತೊಳೆಯಲು ಬಂದವನು ಸಪ್ಲಾಯರ್ ಆದೆ, ಈಗ ಹನ್ನೊಂದು ವರ್ಷದಿಂದ ಗಲ್ಲಾ. ಮನೆ ಡೋಂಬಿವಲಿಯಲ್ಲಿ. 2020ರ ಲಾಕ್‌ಡೌನ್‌ನಲ್ಲಿ ಹೋಟೆಲ್ ಮುಚ್ಚಿದಾಗ ಊರಿಗೂ ಹೋಗಲಾಗದೆ ಕೂತಿದ್ದೆ. ಕುಡಿತ ಜಾಸ್ತಿಯಾಗಿತ್ತು. ಚಾಳಿನಲ್ಲಿ ಪಕ್ಕದ ಮನೆಯವರು ಬೀದರ್ ಕಡೆಯ ಕ್ರೈಸ್ತರು. ಅವರು ಪ್ರಾರ್ಥನೆ ಮಾಡಿದರು, ಊಟ ಕೊಟ್ಟರು, ಉಪದೇಶ ಮಾತ್ರ ಕೊಡಲಿಲ್ಲ. ಅಲ್ಲಿಂದ ಶುರುವಾಯಿತು. ಕುಡಿತ ಬಿಟ್ಟೆ. ಎಂಟು ತಿಂಗಳ ಹಿಂದೆ ದೊಡ್ಡ ಪ್ಲಾಸ್ಟಿಕ್ ಟಾಕಿಯನ್ನು ಅರ್ಧ ಕೊಯ್ದು ಮಾಡಿದ ತೊಟ್ಟಿಯಲ್ಲಿ ಮುಳುಗಿ ಎದ್ದೆ, ಅದೇ ನನ್ನ ದೀಕ್ಷಾಸ್ನಾನ.

ಈಗ ವಿಷಯಕ್ಕೆ ಬರುತ್ತೇನೆ. ಬೆಳಿಗ್ಗೆ ಆರಕ್ಕೆ ಶಟರ್ ಎತ್ತಿದ ತಕ್ಷಣ ದೇವರ ಫೋಟೋ ಒರೆಸಿ, ಹೂವಿನ ಮಾರ್ಕೆಟ್‌ನಿಂದ ತಂದ ಮಾಲೆ ಹಾಕಿ, ದೀಪ ಹಚ್ಚಿ, ಗಲ್ಲಾಪೆಟ್ಟಿಗೆಗೆ ಊದುಬತ್ತಿ ಬೆಳಗುವುದು ನನ್ನ ಕೆಲಸ. ಧಣಿಗಳು ಬರುವುದು ಒಂಬತ್ತಕ್ಕೆ. ದೀಕ್ಷಾಸ್ನಾನದ ಮರುದಿನ ನನಗೆ ಕೈ ಬರಲಿಲ್ಲ. ದೋಸೆ ಭಟ್ಟರಿಗೆ “ಸೊಂಟ ನೋವು, ಸ್ಟೂಲ್ ಹತ್ತಲು ಆಗುವುದಿಲ್ಲ, ನೀವೇ ಹಚ್ಚಿ” ಎಂದೆ. ಅಂದಿನಿಂದ ಅವರೇ ಹಚ್ಚುತ್ತಾರೆ, ನನಗೆ ದಿನಾ ಸೊಂಟ ನೋವು. ಕ್ರಿಸ್ತನನ್ನು ಸೇರಿದವನು ನೂತನ ಸೃಷ್ಟಿ ಅನ್ನುತ್ತದೆ ಬೈಬಲ್. ಆ ನೂತನ ಸೃಷ್ಟಿ ಮಾಡಿದ ಮೊದಲ ಕೆಲಸವೇ ಸುಳ್ಳು. ಭಟ್ಟರು ಪಾಪ ಊರಿಂದ ಎಣ್ಣೆ ತರಿಸಿ ಕೊಟ್ಟಿದ್ದಾರೆ.

ಎರಡನೆಯದು ಹೆಸರು. ನನ್ನ ಹೆಸರಿನಲ್ಲಿ ಧರ್ಮಸ್ಥಳದ ದೇವರೇ ಇದ್ದಾನೆ. ಚರ್ಚಿನ ಸಭೆಯಲ್ಲಿ ಒಬ್ಬರು “ಸೌಲ ಪೌಲನಾಗಲಿಲ್ವಾ, ನೀವೂ ಬದಲಿಸಿ” ಎನ್ನುತ್ತಾರೆ. ಆಧಾರ್, ಪಾನ್, ಮಗನ ಶಾಲೆ, ಎಲ್ಲಾ ಕಡೆ ಓಡಾಡಬೇಕು.

ಮೂರನೆಯದು ಬಾಯಿ. ಹೋದ ಶನಿವಾರ ಹುಡುಗನೊಬ್ಬ ಗ್ಲಾಸಿನ ಟ್ರೇ ಬೀಳಿಸಿದ. ನನ್ನ ಬಾಯಿಂದ ಬಂದದ್ದು ಇಲ್ಲಿ ಬರೆಯುವಂಥದ್ದಲ್ಲ. ಹೆಂಡತಿ ನನ್ನ ಜೊತೆ ಸಭೆಗೆ ಬರುವುದಿಲ್ಲ, ಅವಳ ದೇವರಕೋಣೆ ಹಾಗೇ ಇದೆ. ಅವಳು ಹೇಳಿದ್ದು: “ದೇವರು ಬದಲಾದ, ನಿಮ್ಮ ಬಾಯಿ ಬದಲಾಗಲಿಲ್ಲ.”

ದಾದರ್ ಮಾರ್ಕೆಟ್‌ನಲ್ಲಿ ಹೋಟೆಲಿಗೆ ತರಕಾರಿ ಖರೀದಿಸುವಾಗ ನನಗೊಂದು ಕಮಿಷನ್ ಇತ್ತು. ಅದು ಬಿಡಿ, ಹೋಟೆಲ್ ಲೈನಲ್ಲಿ ಎಲ್ಲರೂ ಮಾಡುವುದೇ. ಈಗ ನಿಲ್ಲಿಸಿದ್ದೇನೆ.

ನನ್ನ ಪ್ರಶ್ನೆ ಇಷ್ಟೇ. ದೀಪ ಹಚ್ಚಬಹುದಾ, ಬಾರದಾ? ಹೆಸರು ಬದಲಿಸಬೇಕಾ? ಹಳೆಯ ಮನುಷ್ಯ ಸತ್ತ ಅನ್ನುತ್ತಾರಲ್ಲ, ನನ್ನೊಳಗಿನವನು ಯಾಕೆ ಸಾಯುತ್ತಿಲ್ಲ?

---

ಮಡಗಾಂವ್ ಮಾಸ್ತರ್:

ಹೆಸರಿನ ವಿಷಯ ಮಾತ್ರ ನಾನು ಹೇಳುತ್ತೇನೆ. ಸೌಲ ಪೌಲನಾದ ಅನ್ನುವುದು ಎಲ್ಲರ ಬಾಯಲ್ಲಿದೆ, ಆದರೆ ಬೈಬಲ್‌ನಲ್ಲಿ ಹಾಗಿಲ್ಲ. ಕ್ರೈಸ್ತರನ್ನು ಹಿಂಸಿಸುತ್ತಿದ್ದ ಸೌಲ ದಮಸ್ಕದ ದಾರಿಯಲ್ಲಿ ಯೇಸುವಿನ ಕಡೆ ತಿರುಗಿದ ಕಥೆ ಅಪೊಸ್ತಲರ ಕೃತ್ಯಗಳ 9ನೇ ಅಧ್ಯಾಯದಲ್ಲಿದೆ. ಅದಾದ ಮೇಲೂ ಅವನನ್ನು ಸೌಲ ಎಂದೇ ಕರೆಯುತ್ತಾರೆ. 13ನೇ ಅಧ್ಯಾಯಕ್ಕೆ ಬಂದಾಗ ‘ಪೌಲ ಅನ್ನಿಸಿಕೊಳ್ಳುವ ಸೌಲ’ ಎಂಬ ಮಾತು ಬರುತ್ತದೆ. ಒಂದು ಯೆಹೂದ್ಯ ಹೆಸರು, ಇನ್ನೊಂದು ರೋಮನ್ನರ ನಡುವೆ ಓಡಾಡುವ ಹೆಸರು. ಊರಲ್ಲಿ ಮಂಜ, ಮುಂಬೈಯಲ್ಲಿ ಅಣ್ಣ ಇದ್ದ ಹಾಗೆ.

ಇನ್ನೂ ಕೇಳಿ. ಪೌಲನ ಜೊತೆಗಾರರಲ್ಲಿ ಅಪೊಲ್ಲೋಸ ಇದ್ದ, ಎಪಫ್ರೊದೀತ ಇದ್ದ, ಫೊಯಿಬೆ ಅನ್ನುವ ಅಕ್ಕ ಇದ್ದಳು. ಅಪೊಲ್ಲೊ, ಅಫ್ರೊದಿತೆ ಎಲ್ಲ ಗ್ರೀಕರ ದೇವರುಗಳು. ಫೊಯಿಬೆ ಕೂಡ ಅವರ ದೇವತೆಯ ಹೆಸರೇ. ಯಾರೂ ಬದಲಿಸಿ ಎನ್ನಲಿಲ್ಲ. ಇಲ್ಲಿ ಗೋವಾದಲ್ಲಿ 1510ರ ನಂತರ ದೀಕ್ಷೆ ಪಡೆದವರಿಗೆ ಪೋರ್ಚುಗೀಸ್ ಹೆಸರು ಬಂತು, ನಿಜ. ಅದು ಪೋರ್ಚುಗೀಸರ ಪದ್ಧತಿ, ಯೇಸುವಿನ ಮಾತಲ್ಲ. ಆಧಾರ್ ಕೇಂದ್ರದ ಸಾಲಿನಲ್ಲಿ ನಿಲ್ಲುವ ಸಮಯ ಉಳಿಸಿಕೊಳ್ಳಿ.

---

ವಾಶಿ ಬ್ರದರ್:

ಸಹೋದರರೇ, ನೇರ ಹೇಳುತ್ತೇನೆ, ಬೇಜಾರು ಬೇಡ. ದಾನಿಯೇಲನ 3ನೇ ಅಧ್ಯಾಯ ಓದಿ. ಶದ್ರಕ್, ಮೇಶಕ್, ಅಬೇದ್‌ನೆಗೋ ಸೊಂಟ ನೋವು ಅನ್ನಲಿಲ್ಲ. ನಿಮ್ಮ ಚಿನ್ನದ ಪ್ರತಿಮೆಗೆ ಅಡ್ಡ ಬೀಳುವುದಿಲ್ಲ ಎಂದು ಅರಸನಿಗೇ ಹೇಳಿದರು. ಎರಡು ದೋಣಿಯಲ್ಲಿ ಕಾಲಿಟ್ಟರೆ ಮುಳುಗುವುದು ನೀವೇ. ಧಣಿಗೆ ಹೇಳಿ. ಒಪ್ಪದಿದ್ದರೆ ಬೇರೆ ಕೆಲಸ. ಗಲ್ಲಾ ಗೊತ್ತಿದ್ದವನಿಗೆ ಮುಂಬೈಯಲ್ಲಿ ಕೆಲಸ ಸಿಗುವುದಿಲ್ವಾ?

---

ಕೇಡಗಾಂವ್ ಅಕ್ಕ:

ತಮ್ಮಾ, ನಾನು ಕಲಬುರಗಿಯವಳು. ಪುಣೆಯಲ್ಲಿ ನರ್ಸ್ ಆಗಿದ್ದು ನಿವೃತ್ತಿಯಾದವಳು, ಈಗ ದೌಂಡ್ ಲೈನಿನ ಕೇಡಗಾಂವ್‌ನಲ್ಲಿದ್ದೇನೆ. ವಾಶಿಯ ತಮ್ಮ ಹೇಳಿದ ಮೂವರು ದೊಡ್ಡವರೇ. ಆದರೆ ಅದೇ ಬೈಬಲ್‌ನಲ್ಲಿ ನಾಮಾನ ಅಂತ ಒಬ್ಬನಿದ್ದಾನೆ, ಅರಸುಗಳು ಎರಡನೆಯ ಭಾಗ, 5ನೇ ಅಧ್ಯಾಯ. ಕುಷ್ಠ ವಾಸಿಯಾದ ಸೇನಾಪತಿ. ಇನ್ನು ಯೆಹೋವನ ಹೊರತು ಯಾರಿಗೂ ಬಲಿ ಕೊಡುವುದಿಲ್ಲ ಎಂದ ಬಾಯಲ್ಲೇ ಪ್ರವಾದಿ ಎಲೀಷನ ಹತ್ತಿರ ಒಂದು ಮಾತು ಕೇಳಿಕೊಳ್ಳುತ್ತಾನೆ: ನನ್ನ ಒಡೆಯ ರಿಮ್ಮೋನನ ಗುಡಿಗೆ ಹೋಗುವಾಗ ನನ್ನ ಕೈಗೆ ಒರಗಿಕೊಳ್ಳುತ್ತಾನೆ, ಅವನ ಜೊತೆ ನಾನೂ ಬಾಗಬೇಕಾಗುತ್ತದೆ, ಅದೊಂದನ್ನು ದೇವರು ಕ್ಷಮಿಸಲಿ. ಎಲೀಷ ಬೈಯಲಿಲ್ಲ. ಸಮಾಧಾನದಿಂದ ಹೋಗು ಎಂದ. ಹಾಗಂತ ನೀನು ದೀಪ ಹಚ್ಚು ಅನ್ನುತ್ತಿಲ್ಲ. ನಾಮಾನ ಮುಚ್ಚಿಡಲಿಲ್ಲ ನೋಡು, ಬಾಯಿಬಿಟ್ಟು ಕೇಳಿದ. ನೀನು ಸೊಂಟದ ಹಿಂದೆ ಅಡಗಿದೆ.

ನಮ್ಮ ಕೇಡಗಾಂವ್‌ನಲ್ಲಿ ನಿರ್ಗತಿಕ ಹೆಂಗಸರ ಆಶ್ರಯವಾದ ಮುಕ್ತಿ ಮಿಶನ್ ಕಟ್ಟಿದ ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಿಮ್ಮ ಕಡೆಯ ಘಟ್ಟದ ಗಂಗಾಮೂಲದಲ್ಲೇ. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದ ಮೇಲೂ ಮಾಂಸ ಮುಟ್ಟಲಿಲ್ಲ. ಶಿಲುಬೆಯ ಮೇಲೆ ಲ್ಯಾಟಿನ್ ಯಾಕೆ, ಸಂಸ್ಕೃತ ಯಾಕಾಗಬಾರದು ಎಂದು ಅಲ್ಲಿನ ಸನ್ಯಾಸಿನಿಯರ ಹತ್ತಿರ ವಾದ ಮಾಡಿದರು. ಅವರೇ ಬರೆದುಕೊಂಡಿದ್ದಾರೆ, ದೀಕ್ಷಾಸ್ನಾನವಾಗಿ ಎಂಟು ವರ್ಷದ ಮೇಲೆ ತಿಳಿಯಿತಂತೆ, ತನಗೆ ಸಿಕ್ಕಿದ್ದು ಕ್ರೈಸ್ತ ಧರ್ಮ, ಕ್ರಿಸ್ತನಲ್ಲ ಎಂದು. ಅವರಿಗೆ ಎಂಟು ವರ್ಷ. ನಿನಗೆ ಎಂಟು ತಿಂಗಳಿಗೇ ಗಾಬರಿ. ಪೌಲನೂ ಎಫೆಸದವರಿಗೆ ಹಳೆಯದನ್ನು ಕಳಚಿಡಿ, ಹೊಸದನ್ನು ತೊಟ್ಟುಕೊಳ್ಳಿ ಎಂದು ಬರೆದದ್ದು ಆಗಲೇ ನಂಬಿದವರಿಗೆ. ಅಂಗಿ ದಿನಾ ಬದಲಿಸುತ್ತೀಯಲ್ಲ?

ಹೆಂಡತಿಯನ್ನು ಒತ್ತಾಯ ಮಾಡಬೇಡ. ಮರಾಠಿ ಕವಿ ನಾರಾಯಣ ವಾಮನ ತಿಲಕರು 1895ರಲ್ಲಿ ದೀಕ್ಷೆ ಪಡೆದಾಗ ಅವರ ಹೆಂಡತಿ ಲಕ್ಷ್ಮೀಬಾಯಿಗೆ ಆಕಾಶವೇ ಬಿದ್ದ ಹಾಗಾಯಿತು. ವರ್ಷಗಳ ಮೇಲೆ ಆಕೆ ಬಂದದ್ದು ತನ್ನ ಕಾಲಿನ ಮೇಲೆ, ತನ್ನ ತಲೆಯಲ್ಲಿ ಯೋಚಿಸಿ.

ಈಗ ನನ್ನ ಜಗಳ. ದೀಪದ ಬಗ್ಗೆ ಅಷ್ಟುದ್ದ ಬರೆದೆ, ಕಮಿಷನ್ ಬಗ್ಗೆ ‘ಅದು ಬಿಡಿ’ ಅಂದೆ. ಯಾಕೆ ಬಿಡಬೇಕು? ಎಷ್ಟು ತಿಂದೆ? ಯೆರಿಕೋವಿನ ಸುಂಕದವನು ಜಕ್ಕಾಯನಿಗೆ ಯೇಸು ಏನೂ ಕೇಳಲಿಲ್ಲ, ಸುಮ್ನೆ ಅವನ ಮನೆಗೆ ಬಂದ. ಅವನೇ ಎದ್ದು ನಿಂತು, ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಎಂದ. ನಾಲ್ಕರಷ್ಟು ನಿನ್ನಿಂದ ಆಗದಿದ್ದರೆ ಯಾಜಕಕಾಂಡದ 6ನೇ ಅಧ್ಯಾಯದಲ್ಲಿ ಕಡಿಮೆಯ ಲೆಕ್ಕವೂ ಇದೆ: ಅಸಲು, ಅದರ ಮೇಲೆ ಐದರಲ್ಲೊಂದು ಪಾಲು. ಕೆಲಸ ಹೋಗಬಹುದು, ಹೋಗುವುದಿಲ್ಲ ಎಂದು ನಾನು ಭರವಸೆ ಕೊಡುವುದಿಲ್ಲ.

---

ವಾಶಿ ಬ್ರದರ್:

ಅಕ್ಕ ಹೇಳಿದ್ದು ಸರಿ. ಕಮಿಷನ್‌ನ ಆ ಸಾಲು ನನ್ನ ಕಣ್ಣಿಗೂ ಬೀಳಲಿಲ್ಲ. ನಾಮಾನನ ವಿಷಯದಲ್ಲಿ ಮಾತ್ರ ಒಪ್ಪುವುದಿಲ್ಲ.

---

ದಾದರ್ ಗಲ್ಲಾ (ಮೂರು ವಾರದ ನಂತರ):

ಅಕ್ಕಾ, ನಿಮ್ಮ ಮೇಲೆ ಎರಡು ದಿನ ಸಿಟ್ಟಿತ್ತು. ಆಮೇಲೆ ಬಿಲ್ ಪುಸ್ತಕದ ಹಿಂದೆ ಲೆಕ್ಕ ಹಾಕಿದೆ. ದಿನಕ್ಕೆ 150 ರೂಪಾಯಿ, ತಿಂಗಳಿಗೆ 26 ದಿನ, ಎರಡು ವರ್ಷ. 93,600. ಐದರಲ್ಲೊಂದು ಸೇರಿಸಿದರೆ 1,12,320. ನಾಲ್ಕರಷ್ಟು ಅಂದರೆ 3,74,400. ಜಕ್ಕಾಯ ದೊಡ್ಡ ಸಾಹುಕಾರ, ನನ್ನ ಹತ್ತಿರ ಅಷ್ಟಿಲ್ಲ.

ಸೋಮವಾರ ಮಧ್ಯಾಹ್ನ ಧಣಿಗಳು ಮಜ್ಜಿಗೆ ಕುಡಿಯುತ್ತಿದ್ದಾಗ ಹೇಳಿದೆ. ಕಮಿಷನ್ ಮೊದಲು, ದೀಪ ಆಮೇಲೆ. ಅಪ್ಪಿಕೊಂಡು ಕ್ಷಮಿಸಿದರು ಎಂದು ಬರೆಯಲು ಆಸೆ ಇದೆ, ಹಾಗೇನೂ ಆಗಲಿಲ್ಲ. ತುಳುವಿನಲ್ಲಿ ಬೈದರು. ಮಾರ್ಕೆಟ್ ಖರೀದಿ ನನ್ನ ಕೈಯಿಂದ ಹೋಯಿತು. ಸಂಬಳದಲ್ಲಿ ತಿಂಗಳಿಗೆ 3,000 ಹಿಡಿಯುತ್ತಾರೆ, 38 ತಿಂಗಳು. ಗಲ್ಲಾದಲ್ಲಿ ಇಟ್ಟುಕೊಂಡಿದ್ದಾರೆ, ಆದರೆ ರಾತ್ರಿ ಕ್ಯಾಶ್ ಎಣಿಸುವಾಗ ಅವರ ಮಗ ಪಕ್ಕದಲ್ಲಿ ಕೂರುತ್ತಾನೆ. ದೀಪದ ಮಾತಿಗೆ “ಯಾರು ಹಚ್ಚಿದರೇನು, ಎಣ್ಣೆ ನನ್ನದು” ಎಂದರು, ಅಷ್ಟೇ. ಎಂಟು ತಿಂಗಳು ಒದ್ದಾಡಿದ್ದು ಒಂದು ಸಾಲಿನಲ್ಲಿ ಮುಗಿಯಿತು.

ಬೇರೆ ಹೋಟೆಲಿನ ಇಬ್ಬರು ಗಲ್ಲಾದವರು ಮಾತು ಬಿಟ್ಟಿದ್ದಾರೆ. ಅವರ ಧಣಿಗಳಿಗೂ ಈಗ ರೇಟು ಗೊತ್ತಾಯಿತಲ್ಲ. ಹೆಂಡತಿ ಮೊದಲ ದಿನ 3,000ಕ್ಕೆ ಅತ್ತಳು. ಮರುದಿನ ಏನೂ ಹೇಳಲಿಲ್ಲ, ಮಗನ ಟ್ಯೂಷನ್ ಬಿಡಿಸಿ ತಾನೇ ಹೇಳಿಕೊಡಲು ಕೂತಳು. ಅದು ಸಿಟ್ಟೋ ಏನೋ ನನಗೆ ಇನ್ನೂ ತಿಳಿದಿಲ್ಲ. ಹೆಸರು ಹಾಗೇ ಇದೆ.

ಬಾಯಿ ಪೂರ್ತಿ ಹತೋಟಿಗೆ ಬಂದಿಲ್ಲ. ಟ್ರೇ ಬೀಳಿಸಿದ ಹುಡುಗನ ಹತ್ತಿರ ಕ್ಷಮೆ ಕೇಳಿದರೆ ಅವನು ಹೆದರಿ ಒಳಗೆ ಓಡಿದ, ಕೆಲಸದಿಂದ ತೆಗೆಯುತ್ತಾರೆ ಅಂದುಕೊಂಡನಂತೆ.

ಇವತ್ತು ಬೆಳಿಗ್ಗೆ ಶಟರ್ ಎತ್ತಿದಾಗ ಭಟ್ಟರು ಎಂದಿನಂತೆ “ಸೊಂಟ ಹೇಗಿದೆ?” ಎಂದರು. ಸೊಂಟಕ್ಕೆ ಏನೂ ಆಗಿರಲಿಲ್ಲ ಭಟ್ಟರೇ ಎಂದೆ. ಅವರು ಬೆಂಕಿಪೊಟ್ಟಣ ಹಿಡಿದುಕೊಂಡೇ ಸ್ವಲ್ಪ ಹೊತ್ತು ನನ್ನನ್ನು ನೋಡಿದರು. ಆಮೇಲೆ, “ಹಾಗಾದರೆ ಆ ಎಣ್ಣೆ ಬಾಟಲಿ ವಾಪಸ್ ತಂದುಕೊಡು, ನನ್ನ ಮಂಡಿಗೆ ಬೇಕು” ಎಂದರು.